300 ವ್ಯಾಟ್ ಮೇಲೆ ಮಾವಿನಹಣ್ಣು

ಕೋಲಾರ
ಭಾನುವಾರ ರಾತ್ರಿ

ಮಗಾ,

ನಿನ್ನ ಮೆಸೇಜು ಶುಕ್ರವಾರವೇ ನೋಡಿದೆ. ನರಸಾಪುರದಲ್ಲಿ ನೈಟ್ ಶಿಫ್ಟ್ ಇತ್ತು, ಉತ್ತರ ಬರೆಯೋಕೆ ಆಗಲಿಲ್ಲ. 'ಮತ್ತೆ ಬೇಸ್ ಗಿಟಾರ್ ಶುರು ಮಾಡ್ತಿದೀನಿ, ಒಂದು ಲಕ್ಷ ಎತ್ತಿಟ್ಟಿದೀನಿ, ಯಾವುದು ತಗೊಳ್ಳಲಿ?' ಅಂತ ಕೇಳಿದ್ದೀಯ. ಜೊತೆಗೆ ನಾಲ್ಕು ಫೋಟೊ. ಆ ಹೊಳೆಯೋ ಐದು ತಂತಿಯದ್ದಂತೂ ಆರತಕ್ಷತೆಗೆ ನಿಂತ ಮದುಮಗಳ ಹಾಗಿದೆ. ಆದರೆ ಇವತ್ತೇ ದುಡ್ಡು ಕಟ್ಟಬೇಡ. ನಾನು ಎಲ್ಲೆಲ್ಲಿ ದುಡ್ಡು ಸುರಿದೆ ಅಂತ ಕೇಳಿಸಿಕೋ, ಆಮೇಲೆ ನಿನ್ನಿಷ್ಟ.

ನಮ್ಮ ಮೊದಲ ಬೇಸ್ ನೆನಪಿದೆಯಾ? ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ಗೆ ಹೋಗಿ ತಂದದ್ದು. ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ, ನಾವು ಹೋದಾಗ ಅದಕ್ಕೆ ಎರಡು ವರ್ಷ ಆಗಿತ್ತು. ಊರು ಬಿಡುವವರು ಮಂಚ, ಬೀರು, ಪಿಯಾನೊ ಎಲ್ಲ ಮಾರುತ್ತಿದ್ದರು. ಕ್ಲಬ್ಬಿನ ಡಾನ್ಸ್‌ಗಳಿಗೆ ನುಡಿಸುತ್ತಿದ್ದ ಆ ಅಂಕಲ್ 4,500 ರೂಪಾಯಿಗೆ ಕೊಟ್ಟರು. ಕೊಡುವಾಗ ಹೇಳಿದ್ದು ಒಂದೇ ಮಾತು, 'ತಂತಿ ಮುಟ್ಟಬೇಡಿ'. ನಾವು ಮನೆಗೆ ಬಂದು ಮಾಡಿದ ಮೊದಲ ಕೆಲಸ ತಂತಿ ಬಿಚ್ಚಿದ್ದು.

ಮಂಕಾಗಿ ಕೇಳ್ತಿದೆ, ಕುದಿಸಿದರೆ ಜೀವ ಬರುತ್ತೆ ಅಂತ ಐಡಿಯಾ ಕೊಟ್ಟವನು ನೀನೇ. ಅಮ್ಮ ಅಡುಗೆಮನೆಗೆ ಬಂದಾಗ ಅನ್ನದ ಪಾತ್ರೆಯಲ್ಲಿ ನಾಲ್ಕು ತಂತಿ ಸುರುಳಿ ಸುತ್ತಿಕೊಂಡು ಕುಣಿಯುತ್ತಿದ್ದವು. ನೀರು ಬೂದಿಬಣ್ಣಕ್ಕೆ ತಿರುಗಿ, ಮೇಲೆ ತೆಳ್ಳಗೆ ಜಿಡ್ಡು ಕಟ್ಟಿತ್ತು. ಅಮ್ಮ ಬಗ್ಗಿ ನೋಡಿದಳು. 'ಇದ್ಯಾವ ಸೊಪ್ಪೋ? ಬಸಿದು ಕೊಡು, ಬಸ್ಸಾರು ಮಾಡ್ತೀನಿ' ಅಂದಳು. ಇವತ್ತಿಗೂ ನಮ್ಮ ಮನೆಯಲ್ಲಿ ಅದಕ್ಕೆ ಬಸ್ಸಾರು ಗಿಟಾರ್ ಅಂತಲೇ ಹೆಸರು.

ಕುದಿಸೋದು ತಪ್ಪಲ್ಲ. ತಂತಿಯ ಸುತ್ತುಗಳ ಸಂದಿಯಲ್ಲಿ ಸೇರಿದ ಬೆವರು, ಕೊಳೆ ಬಿಡುತ್ತೆ. ಸ್ವಲ್ಪ ದಿನ ಟಣ್ ಅನ್ನುತ್ತೆ. ಆದರೆ ಆ ಮಾತು ರೌಂಡ್‌ವೌಂಡ್ ತಂತಿಗೆ, ಅಂದರೆ ಮೇಲೆ ಗುಂಡು ವೈರು ಸುತ್ತಿದ್ದಕ್ಕೆ. ಅಂಕಲ್ ಹಾಕಿದ್ದು ಫ್ಲಾಟ್‌ವೌಂಡ್, ಮೇಲ್ಮೈ ರಿಬ್ಬನ್ ಹಾಗೆ ನುಣ್ಣಗೆ. ಟಣ್ ಅನ್ನದೆ ಧುಂ ಅನ್ನೋದೇ ಅದರ ಗುಣ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಕೂಡ ಫ್ಲಾಟ್‌ವೌಂಡ್ ಹಾಕಿಕೊಂಡು, ತಂತಿ ಹರಿಯುವ ತನಕ ಬದಲಾಯಿಸುತ್ತಿರಲಿಲ್ಲವಂತೆ. ನಾವು ಅಂಥ ತಂತಿಯನ್ನು ಬೇಯಿಸಿಟ್ಟೆವು.

ನೀನು ಬೆಂಗಳೂರಿಗೆ ಹೋದೆ. ನಾನು ಆರ್ಕೆಸ್ಟ್ರಾಗೆ ಸೇರಿದೆ. ಅಲ್ಲಿಂದ ಶುರುವಾಯಿತು ನೋಡು ಆಂಪ್ಲಿಫೈಯರ್ ಹುಚ್ಚು, ಅದೇ ಆಂಪ್. ಮೊದಲು 15 ವ್ಯಾಟಿನ ಪ್ರಾಕ್ಟೀಸ್ ಆಂಪ್. ಡ್ರಮ್ಮರ್ ಕೆಮ್ಮಿದರೂ ಅದು ಕೇಳಿಸುತ್ತಿರಲಿಲ್ಲ. ಆಮೇಲೆ 100 ವ್ಯಾಟ್, 15 ಇಂಚಿನ ಸ್ಪೀಕರ್. ಅದನ್ನು ಬಸ್ಸಿಗೆ ಹತ್ತಿಸಿದರೆ ಕಂಡಕ್ಟರ್ ನನಗಿಂತ ಅದಕ್ಕೇ ಜಾಸ್ತಿ ಟಿಕೆಟ್ ಹರಿಯುತ್ತಿದ್ದ. ಅದೂ ಸಾಲದು ಅಂತ, ಬೆಂಗಳೂರಿನಲ್ಲಿ ಯಾವುದೋ ಬ್ಯಾಂಡ್ ಒಡೆದು ಸಾಮಾನು ಮಾರುತ್ತಿದ್ದಾಗ 300 ವ್ಯಾಟಿನ ಹೆಡ್ಡು (ಸ್ಪೀಕರ್ ಇಲ್ಲದ ಬರೀ ಆಂಪ್), 10 ಇಂಚಿನ ನಾಲ್ಕು ಸ್ಪೀಕರ್ ಇರೋ ಕ್ಯಾಬಿನೆಟ್ ತಂದೆ. ಚೀಟಿ ದುಡ್ಡು ಪೂರ್ತಿ ಹೋಯಿತು. ಟೊಮೆಟೊ ಖಾಲಿ ಮಾಡಿ ವಾಪಸ್ ಬರುತ್ತಿದ್ದ ಟೆಂಪೊದಲ್ಲಿ, ಕ್ರೇಟುಗಳ ಮಧ್ಯೆ ಕೂತು ಬಂದೆವು ನಾನೂ ಅದೂ.

ಲೆಕ್ಕ ಆಮೇಲೆ ಗೊತ್ತಾಯಿತು. ವ್ಯಾಟ್ ಎರಡು ಪಟ್ಟಾದರೆ ಸೌಂಡ್ ಏರೋದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. 100ರಿಂದ 300ಕ್ಕೆ ಹೋದ ನನಗೆ ಸಿಕ್ಕಿದ್ದು 5 ಡೆಸಿಬೆಲ್ಲಿಗೂ ಕಮ್ಮಿ. ನಾಲ್ಕು ಸ್ಪೀಕರ್ ಇದ್ದದ್ದಕ್ಕೆ ಇನ್ನೊಂದಿಷ್ಟು ಸೇರಿತು ಅನ್ನು. ಸೊಂಟ ನೋವು ಮಾತ್ರ ಪೂರ್ತಿ ಎರಡು ಪಟ್ಟಾಯಿತು.

ಅದು ಬಂದು ಎರಡು ವರ್ಷಕ್ಕೆ ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ ಗಣೇಶನ ಪ್ರೋಗ್ರಾಂ. ಡ್ರಮ್ಮುಗಳ ಮೇಲೆ ಹಲಗೆ ಹಾಸಿದ ಸ್ಟೇಜು. ಕರೆಂಟು ಎಲ್ಲಿಂದ ಬಂತು ಅಂತ ಕೇಳಬೇಡ. ಸಾಕೆಟ್ಟಿಗೆ ಬರೀ ಎರಡು ವೈರು ತುರುಕಿ, ಬೀಳದ ಹಾಗೆ ಬೆಂಕಿಕಡ್ಡಿ ಚುಚ್ಚಿದ್ದರು. ನಾನು ಕೋರಸ್ ಹಾಡೋಕೆ ಅಂತ ಮೈಕಿಗೆ ಬಾಯಿ ಇಟ್ಟೆ. ತುಟಿಗೆ ಕೆಂಜಿಗ ಕಚ್ಚಿದ ಹಾಗೆ ಚುರ್ ಅಂತು. ಕೈ ತಂತಿ ಮೇಲಿತ್ತು. ಬೇಸಿನ ತಂತಿ ಬ್ರಿಡ್ಜ್ (ತಂತಿಯ ತುದಿ ಕೂರೋ ಲೋಹದ ಭಾಗ) ಮೂಲಕ ಆಂಪಿನ ಎರ್ತ್‌ಗೆ ಸೇರಿರುತ್ತೆ. ಆ ಎರ್ತ್ ಎಲ್ಲಿಗೂ ಹೋಗದೆ ನೇತಾಡುತ್ತಿದ್ದರೆ, ಮೈಕಿಗೂ ತಂತಿಗೂ ಮಧ್ಯೆ ನಾವೇ ವೈರು. ಸೌಂಡ್ ಸರ್ವಿಸ್ ಹುಡುಗ ಬಂದು ಟೆಸ್ಟರ್ ಇಟ್ಟ. ದೀಪ ಕೆಂಪಗೆ ಹತ್ತಿತು. 'ಎರ್ತ್ ಲೇದನ್ನಾ' ಅಂದ, ಚಟ್ನಿ ಇಲ್ಲ ಅಂತ ಹೋಟೆಲಿನವನು ಹೇಳೋ ಹಾಗೆ. ಸ್ಟೇಜ್ ಹಿಂದೆ ಹೋಗಿ ಕಬ್ಬಿಣದ ಸಲಾಕೆ ಬಡಿದ, ಎರಡು ಹಿಡಿ ಕಲ್ಲುಪ್ಪು ಹಾಕಿ ಒಂದು ಕೊಡ ನೀರು ಸುರಿದ, ಮೂರನೇ ಪಿನ್ನಿಗೆ ವೈರು ಎಳೆದ. ಚುರ್ ನಿಂತಿತು. ಅದು ಸರಿಯಾದ ಎರ್ತಿಂಗ್ ಅಂತ ನಾನು ಹೇಳಲ್ಲ, ನೀನೂ ನಂಬಬೇಡ. ಈಗ ನನ್ನ ಬ್ಯಾಗಿನಲ್ಲಿ ಯಾವಾಗಲೂ ಟೆಸ್ಟರ್ ಇರುತ್ತೆ. ಮೈಕಿಗೆ ಮೊದಲು ಅದು ತಾಕಬೇಕು, ಆಮೇಲೆ ನನ್ನ ತುಟಿ. ದೀಪ ಹತ್ತಿದರೆ ಕೋರಸ್ಸೂ ಇಲ್ಲ, ಬೇಸೂ ಇಲ್ಲ.

ಚುರ್ ಜೊತೆಗೆ ಹಮ್, ಅಂದರೆ ಸ್ಪೀಕರಿನಲ್ಲಿ ಗೊಂಯ್ ಅನ್ನೋ ಸದ್ದು, ಅದೂ ಕಮ್ಮಿಯಾಯಿತು. ಇಲ್ಲೊಂದು ಮಜಾ ಇದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅದುರುತ್ತೆ. ದಪ್ಪ ತಂತಿಯ ಮೂರನೇ ಫ್ರೆಟ್ಟಿನ (ಬೇಸಿನ ಕತ್ತಿನ ಮೇಲಿನ ಲೋಹದ ಗೆರೆ) 'ಜಿ' ಸ್ವರ ಸೆಕೆಂಡಿಗೆ 49 ಸಲ. ಅಂದರೆ ಆ ಗೊಂಯ್ ಅನ್ನೋದು ಶ್ರುತಿ ಸ್ವಲ್ಪ ಏರಿದ ಜಿ! ಜಿ ಶ್ರುತಿಯ ಹಾಡು ಬಂದರೆ ಊರಿನ ಟ್ರಾನ್ಸ್‌ಫಾರ್ಮರ್ ಕೂಡ ನಮ್ಮ ಜೊತೆ ಬೇಸೂರಾಗಿ ನುಡಿಸುತ್ತೆ.

ಸರಿ, ಅರ್ಧ ಪ್ರೋಗ್ರಾಂ ಮುಗಿಯಿತು. ಊಟದ ಬ್ರೇಕ್‌ನಲ್ಲಿ ಜನರ ಹಿಂದೆ ಚುರುಮುರಿ ಮಾರುತ್ತಿದ್ದವರ ಹತ್ತಿರ ಹೋದೆ. 'ಅಣ್ಣಾ, ನಂದು ಉದ್ದ ಗಿಟಾರ್ ಇದೆಯಲ್ಲ, ಅದು ಇಲ್ಲಿಗೆ ಕೇಳಿಸ್ತಾ?' ಅವರು ಈರುಳ್ಳಿ ಹೆಚ್ಚೋದು ನಿಲ್ಲಿಸಿ ಯೋಚನೆ ಮಾಡಿದರು. 'ಎರಡು ಗಿಟಾರ್ ಇದಾವಾ?' ಅಂದರು.

ವಾಪಸ್ ಬಂದು ಆ ಹುಡುಗನ ಹತ್ತಿರ ಗೋಳು ಹೇಳಿಕೊಂಡೆ. ಅವನು ನನ್ನ ಹೆಡ್ಡನ್ನು ತಿರುಗಿಸಿದ. ಹಿಂದುಗಡೆ ಮೈಕ್ ಕೇಬಲ್ಲಿಗೆ ಅಂತ ಒಂದು ತೂತು ಇತ್ತು, ಡಿಐ ಔಟ್, ಬೇಸಿನ ಸೌಂಡನ್ನು ನೇರ ಮಿಕ್ಸರ್‌ಗೆ ಕಳಿಸೋದು. ಎರಡು ವರ್ಷದಿಂದ ನಾನು ಅದನ್ನು ನೋಡೇ ಇರಲಿಲ್ಲ. ಧೂಳು ಊದಿ, ಕೇಬಲ್ ಸಿಕ್ಕಿಸಿ, ಮಿಕ್ಸರ್‌ನಲ್ಲಿ ಒಂದು ಚಾನೆಲ್ ಎತ್ತಿದ. ಅವನ 18 ಇಂಚಿನ ಬೇಸ್ ಬಾಕ್ಸುಗಳಲ್ಲಿ ನನ್ನ ತಂತಿ ಮೊದಲ ಸಲ ಹೊರಗೆ ಬಂತು ಕಣೋ. ಕಾಲ ಕೆಳಗಿನ ಹಲಗೆ ನಡುಗಿತು. ಆವತ್ತು ಎರಡು ಕಡೆ ತಪ್ಪು ನುಡಿಸಿದೆ. ಅದೂ ಊರಿಗೆಲ್ಲ ಕೇಳಿಸಿತು.

ಅಷ್ಟು ದಿನ ನನ್ನ 300 ವ್ಯಾಟ್ ನನ್ನ ಮಂಡಿಗೆ ಹಾಡು ಹೇಳುತ್ತಿತ್ತು. ಜನರಿಗೆ ಕೇಳಿಸೋದು ಸೌಂಡಿನವನ ಬಾಕ್ಸು. ಅವನಿಗೆ ನಾನು ಒಂದು ಕ್ಲೀನ್ ಲೈನ್ ಕೊಟ್ಟರೆ ಸಾಕು. ಅದಕ್ಕೆ ಸಣ್ಣ ಡಿಐ ಬಾಕ್ಸ್ ಇದ್ದರೆ ಆಯಿತು, ಟಿಫನ್ ಡಬ್ಬಿಯಲ್ಲಿ ಹಿಡಿಸುತ್ತೆ. ನೂರು ಅಡಿ ಕೇಬಲ್ ಎಳೆದರೂ ಸೌಂಡ್ ಕೆಡಲ್ಲ. ಹಮ್ ಬಂದರೆ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ (ಸೌಂಡ್ ಕೇಬಲ್ಲಿನ ಎರ್ತ್ ಮಾತ್ರ ಬಿಡಿಸೋದು) ಒತ್ತಿ ನೋಡಬಹುದು. ಪ್ಲಗ್ಗಿನ ಎರ್ತ್ ಪಿನ್ ಮಾತ್ರ ಯಾವತ್ತೂ ಕೀಳಬೇಡ.

ಆದರೂ ಬುದ್ಧಿ ಪೂರ್ತಿ ಬರಲಿಲ್ಲ. ಒಂದು ಮದುವೆಯಲ್ಲಿ ಇನ್ನೂ ದಪ್ಪಗೆ ಕೇಳಲಿ ಅಂತ, 4 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆಯ ಅಳತೆ) ಕ್ಯಾಬಿನೆಟ್ ಜೊತೆಗೆ ಯಾರದೋ 8 ಓಮ್ ಬಾಕ್ಸನ್ನೂ ಅದೇ ಹೆಡ್ಡಿಗೆ ಸೇರಿಸಿದೆ. ಹೆಡ್ಡಿನ ಮೇಲೆ 4ಕ್ಕಿಂತ ಇಳಿಸಬೇಡಿ ಅಂತ ಬರೆದಿತ್ತು. ಎರಡೂ ಸೇರಿದರೆ 2.7 ಆಗುತ್ತೆ, ಬಾಕ್ಸ್ ಸೇರಿಸಿದಷ್ಟೂ ಓಮ್ ಇಳಿಯುತ್ತೆ. ಧಾರೆ ಹಾಡಿನ ಮಧ್ಯೆ ಕೆಂಪು ದೀಪ ಹತ್ತಿ ಹೆಡ್ಡು ಮೌನವ್ರತ ಹಿಡಿಯಿತು. ತಪ್ಪು ನನ್ನದೇ. ಪುಣ್ಯಕ್ಕೆ ಸುಡಲಿಲ್ಲ.

ಈಗ ನಿನ್ನ ಫೋಟೊಗಳಿಗೆ ಬರ್ತೀನಿ. ಐದು ತಂತಿ ನಿನಗೆ ಬೇಡ. ಸಿಂಗರ್ ಶ್ರುತಿ ಇಳಿಸಿದ ದಿನ ಅದು ಉಪಯೋಗಕ್ಕೆ ಬರುತ್ತೆ, ಉಳಿದ ದಿನ ಹೆಬ್ಬೆರಳು ಇಡೋ ಜಾಗ ಅಷ್ಟೇ. ಎರಡನೇ ಫೋಟೊದ್ದು ಆಕ್ಟಿವ್, ಒಳಗೆ 9 ವೋಲ್ಟ್ ಬ್ಯಾಟರಿ. ಕೇಬಲ್ ಸಿಕ್ಕಿಸಿದರೆ ಸಾಕು, ನುಡಿಸದಿದ್ದರೂ ಬ್ಯಾಟರಿ ಓಡ್ತಾ ಇರುತ್ತೆ. ನಾನು ಎರಡು ದಿನ ಕೇಬಲ್ ಕೀಳೋದು ಮರೆತು ಪ್ರೋಗ್ರಾಂಗೆ ಹೋದೆ, ಮೂರನೇ ಹಾಡಿಗೆ ಸೌಂಡ್ ಗೊರಗೊರ. ಹಳ್ಳಿಯಲ್ಲಿ ರಾತ್ರಿ ಹತ್ತಕ್ಕೆ ಆ ಬ್ಯಾಟರಿ ಎಲ್ಲಿ ಸಿಗುತ್ತೆ? ಸೌಂಡಿನವನ ಮಲ್ಟಿಮೀಟರ್ ಬಿಚ್ಚಿ ಅದರ ಬ್ಯಾಟರಿ ಹಾಕಿಕೊಂಡೆ.

ಮೂರನೆಯದು ತಗೋ. ನಾಲ್ಕು ತಂತಿ, ಬ್ಯಾಟರಿ ಇಲ್ಲ, ಹಳೇ ಪ್ರಿಸಿಷನ್ ಆಕಾರ. ಲಿಯೊ ಫೆಂಡರ್ 1951ರಲ್ಲಿ ತಂದ ನಮೂನೆ. ಇವತ್ತಿಗೂ ಅದರ ನಕಲನ್ನೇ ಎಲ್ಲರೂ ಮಾಡುತ್ತಿದ್ದಾರೆ. ಒರಿಜಿನಲ್ಲೇ ಬೇಕಿಲ್ಲ. ಉಳಿದ ದುಡ್ಡಿನಲ್ಲಿ ಮೊದಲು ಸೆಟಪ್ ಮಾಡಿಸು. ಮೊದಲ ಫ್ರೆಟ್ಟನ್ನೂ ಕೊನೇ ಫ್ರೆಟ್ಟನ್ನೂ ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ತಂತಿ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸು. ಕಾರ್ಡು ಅಲ್ಲಾಡದಷ್ಟು ಸಂದಿ ಇದ್ದರೆ ಸರಿ. ಜಾಸ್ತಿ ಇದ್ದರೆ ನೆಕ್, ಅಂದರೆ ಬೇಸಿನ ಕತ್ತು, ಬಗ್ಗಿದೆ ಅಂತ. ಒಳಗಿನ ರಾಡನ್ನು ಆಲನ್ ಕೀಯಿಂದ ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಬೇಕು. ನಾನು ಒಂದೇ ಸಲ ಮುಕ್ಕಾಲು ಸುತ್ತು ತಿರುಗಿಸಿ ಕಟ್ ಅನ್ನೋ ಸದ್ದು ಕೇಳಿದವನು. ಆ ಸದ್ದು ಈಗಲೂ ಹಲ್ಲಿನಲ್ಲಿದೆ.

ಮನೆಗೆ 30 ವ್ಯಾಟಿನ ಚಿಕ್ಕ ಆಂಪ್ ಸಾಕು. ಗೋಡೆ ಮೂಲೆಗೆ ತಳ್ಳಬೇಡ, ಕೆಳಗಿನ ಸ್ವರ ಅಲ್ಲೇ ಗುಡ್ಡೆ ಬಿದ್ದು ಗುಮ್ ಅನ್ನುತ್ತೆ. ಕೆಳಗೊಂದು ಕಂಬಳಿ ಮಡಿಸಿ ಹಾಕು. ಕೆಳಗಿನ ಫ್ಲಾಟಿನವರು ನಿನ್ನನ್ನು ಮಾತಾಡಿಸ್ತಾ ಇರಬೇಕಲ್ವಾ?

ನನ್ನ ಕ್ಯಾಬಿನೆಟ್ ಬೇಕಾ ಅಂತ ನೀನು ಕೇಳೇ ಕೇಳ್ತೀಯ. ಮಾರೋಣ ಅಂತಲೇ ಇದ್ದೆ. ಆದರೆ ಶ್ರೀನಿವಾಸಪುರದಿಂದ ಮಾವ ಎರಡು ಕ್ರೇಟ್ ಬಾದಾಮಿ ಮಾವು ಕಳಿಸಿದ್ದಾರೆ. ಅಮ್ಮ ಕ್ಯಾಬಿನೆಟ್ ಮೇಲೆ ಹುಲ್ಲು ಹಾಸಿ ಹಣ್ಣಿಗೆ ಇಟ್ಟಿದ್ದಾಳೆ. ಹಾಲ್ ತುಂಬ ಘಮ ಘಮ ಅಂತಿದೆ. ಅವು ಖಾಲಿಯಾಗೋ ತನಕ ಅದನ್ನು ಮುಟ್ಟೋಕೆ ಬಿಡಲ್ಲ.

ಮುಂದಿನ ಭಾನುವಾರ ಬಾ. ಬರುವಾಗ ಬೆಂಗಳೂರಿನ ಎಸ್‌ಪಿ ರೋಡಿನಿಂದ ಕಾಲಿಂಚಿನ ಜ್ಯಾಕ್ ನಾಲ್ಕು ತಗೊಂಡು ಬಾ, ಗಟ್ಟಿ ಇರೋದು ನೋಡಿ. ಕೇಬಲ್ ನಾನೇ ಬೆಸುಗೆ ಹಾಕಿ ಕೊಡ್ತೀನಿ. ಅಂಕಲ್ ಬೇಸ್ ಇನ್ನೂ ಇಲ್ಲೇ ಇದೆ, ಹೊಸ ಫ್ಲಾಟ್‌ವೌಂಡ್ ಹಾಕಿದ್ದೇನೆ. ಅಡುಗೆಮನೆ ಕಡೆ ಮಾತ್ರ ತಗೊಂಡು ಹೋಗಬೇಡ.

ನಿನ್ನ,
ಬಸ್ಸಾರು