60 ಕ್ರೆಡಿಟ್ ಮುಗಿಯಿತು, ನಿಮಗೆಲ್ಲ ಧನ್ಯವಾದ

ನಮ್ಮ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿಯ 60 ಕ್ರೆಡಿಟ್ ಮುಗಿಸಿ ಈ ವಾರ ಹೊರಡುತ್ತಿರುವ ನಮ್ಮೆಲ್ಲರ ಪರವಾಗಿ ಈ ಮಾತು.

ಅಮೆರಿಕದ ಹೆಚ್ಚಿನ ಕಮ್ಯುನಿಟಿ ಕಾಲೇಜುಗಳಿಗೆ ಹಾಸ್ಟೆಲ್ ಇಲ್ಲ. ಕೆಲಸದಿಂದ ತರಗತಿಗೆ, ತರಗತಿಯಿಂದ ಪಾರ್ಕಿಂಗ್‌ಗೆ, ಅಲ್ಲಿಂದ ಮನೆಗೆ. ಪಕ್ಕದಲ್ಲಿ ಕೂತವರ ಹೆಸರು ಗೊತ್ತಾಗುವ ಹೊತ್ತಿಗೆ ಸೆಮಿಸ್ಟರೇ ಮುಗಿದಿರುತ್ತದೆ. ಇಂಥ ಕಡೆ ‘ಇದು ನಮ್ಮ ಜಾಗ’ ಅನ್ನಿಸಬೇಕಾದರೆ ಯಾರಾದರೂ ಅದಕ್ಕಾಗಿ ದಿನವೂ ದುಡಿಯಬೇಕು. ದುಡಿದವರು ನೀವು.

ಮೊದಲ ನಮಸ್ಕಾರ ಟ್ಯೂಟರಿಂಗ್ ಕೇಂದ್ರದವರಿಗೆ. ನೀವು ಪೆನ್ಸಿಲ್ ಮುಟ್ಟುವುದಿಲ್ಲ. ‘ಎಕ್ಸ್ ಮೈನಸ್ 4’ ಇರುವ ಆವರಣವನ್ನು ಮೈನಸ್ 3ರಿಂದ ಗುಣಿಸಿ ಯಾರೋ ಕೊನೆಗೆ ಮೈನಸ್ 12 ಬರೆದಿರುತ್ತಾರೆ. ‘4ರ ಹಿಂದೆ ಏನಿದೆ ನೋಡಿ’ ಎಂದಷ್ಟೇ ಹೇಳಿ, ಅವರೇ ಅದನ್ನು ಪ್ಲಸ್ 12 ಮಾಡುವ ತನಕ ಕಾಯುತ್ತೀರಿ. ಹತ್ತು ವರ್ಷದ ಮೇಲೆ ಮತ್ತೆ ಗಣಿತದ ಪುಸ್ತಕ ತೆರೆದವರಿಗೆ ಆ ಅರ್ಧ ನಿಮಿಷ ಎಷ್ಟು ಧೈರ್ಯ ಕೊಡುತ್ತದೆಂದು ನಿಮಗೆ ತಿಳಿದಿರಲಿ.

ಕೋರ್ಸ್ ಆಯ್ಕೆಗೆ ದಾರಿ ತೋರುವ ಅಡ್ವೈಸರ್‌ಗಳೇ, ‘ಕೋರ್ಸ್ ಬಿಡುವುದಾದರೆ ಡ್ರಾಪ್ ಗಡುವಿನೊಳಗೆ ಬಿಡಿ’ ಎಂಬ ನಿಮ್ಮ ಒಂದು ಮಾತು ಎಷ್ಟೋ ಜನರ ಹಣಕಾಸು ನೆರವನ್ನು ಉಳಿಸಿದೆ. ಗಡುವು ದಾಟಿ ಬಿಟ್ಟರೆ ಅಂಕಪಟ್ಟಿಯಲ್ಲಿ ‘ಡಬ್ಲ್ಯೂ’ (ವಿತ್‌ಡ್ರಾ, ಅಂದರೆ ನಡುವೆ ಬಿಟ್ಟದ್ದು) ಬೀಳುತ್ತದೆ. ಅದು ಸರಾಸರಿ ಅಂಕವನ್ನು ತಗ್ಗಿಸುವುದಿಲ್ಲ, ಹಾಗಾಗಿ ಏನೂ ಆಗದು ಎಂದುಕೊಳ್ಳುವವರೇ ಹೆಚ್ಚು. ಆದರೆ ತೆಗೆದುಕೊಂಡ ಕ್ರೆಡಿಟ್‌ಗಳ ಲೆಕ್ಕದಲ್ಲಿ ಅದು ಸೇರುತ್ತದೆ, ಮುಗಿಸಿದ ಲೆಕ್ಕದಲ್ಲಿ ಸೇರುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲೇ 12ರಲ್ಲಿ 6 ಕ್ರೆಡಿಟ್ ಹೀಗೆ ಬಿಟ್ಟರೆ ಮುಗಿಸಿದ ಪ್ರಮಾಣ ಶೇ. 50ಕ್ಕೆ ಇಳಿದಂತೆ, ನೆರವು ಮುಂದುವರಿಯಲು ಸಾಮಾನ್ಯವಾಗಿ ಕೇಳುವುದು ಶೇ. 67. ವಿಶ್ವವಿದ್ಯಾಲಯಕ್ಕೆ ವರ್ಗವಾಗುವವರಿಗೂ ನೀವು ಮೊದಲ ವರ್ಷವೇ ಒಪ್ಪಂದದ ಪಟ್ಟಿ, ಅಂದರೆ ಇಲ್ಲಿನ ಯಾವ ವಿಷಯ ಅಲ್ಲಿ ಯಾವುದಕ್ಕೆ ಸಮ ಎಂಬ ಪಟ್ಟಿ, ತೆರೆದು ತೋರಿಸಿದಿರಿ. ಇಲ್ಲದಿದ್ದರೆ ಪಾಸಾದ ವಿಷಯವೂ ಅಲ್ಲಿ ಬರೀ ಐಚ್ಛಿಕವಾಗಿ ಉಳಿದು, ಮುಖ್ಯ ವಿಷಯದ ಲೆಕ್ಕಕ್ಕೆ ಬಾರದೇ ಹೋಗುತ್ತದೆ.

ಪಠ್ಯಪುಸ್ತಕವನ್ನು ಎರಡೆರಡು ಗಂಟೆ ಓದಲು ಕೊಟ್ಟ ಗ್ರಂಥಾಲಯದವರಿಗೆ, ಯಾಕೆ ಏನು ಎಂದು ಕೇಳದೆ ದಿನಸಿ ಚೀಲ ತುಂಬಿಸಿಕೊಟ್ಟ ಸ್ವಯಂಸೇವಕರಿಗೆ, ರಾತ್ರಿ ಕೊನೆಯ ಕೊಠಡಿಯ ದೀಪವನ್ನು ಕೊನೆಗೇ ಆರಿಸಿದ ಸಿಬ್ಬಂದಿಗೆ ಋಣಿ.

ಓದುಗುಂಪಿನ ಜೊತೆಗಾರರಿಗೆ ಏನು ಹೇಳುವುದು! ವಾರವಾರವೂ ‘ಯಾವಾಗ ಸೇರೋಣ’ ಎಂದು ಕೇಳಿಕೊಳ್ಳುವ ಗುಂಪು ಮೂರನೇ ವಾರಕ್ಕೇ ಚದುರುತ್ತದೆ. ನಮ್ಮದು ಹಾಗಲ್ಲ: ಒಂದೇ ದಿನ, ಒಂದೇ ಹೊತ್ತು, ನಾಲ್ಕೈದು ಜನ. ಒಬ್ಬರು ತಪ್ಪಿಸಿದರೆ ಮಿಕ್ಕವರು ಸಂದೇಶ ಕಳಿಸಬೇಕು, ಲೆಕ್ಕ ತಿಳಿಯದಿದ್ದರೂ ಬಂದು ಕೂರಬೇಕು. ಈ ಕ್ರಮ ಹಾಕಿಕೊಟ್ಟವರು ನಮಗಿಂತ ಹಿಂದಿನ ಬ್ಯಾಚಿನವರು. ಬುಧವಾರ ಸಂಜೆ ಆರರ ಕೊಠಡಿಯನ್ನು ಮುಂದಿನ ಸೆಮಿಸ್ಟರ್‌ಗೂ ಕಾಯ್ದಿರಿಸಿದ್ದೇವೆ. ಹೊಸಬರು ಹೆಸರು ಬರೆಸಬೇಕಿಲ್ಲ, ಬಾಗಿಲು ತಳ್ಳಿ ಒಳಗೆ ಬನ್ನಿ.