ಆ ಕೆಂಪು ಟೊಪ್ಪಿಯವನು ಯಾರು?

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಹದಿನೈದನೇ ಶತಮಾನದ ಯುರೋಪಿನ ಚಿತ್ರಕಾರ ಯಾನ್ ವಾನ್ ಐಕ್ ಬರೆದ ಪುಟ್ಟ ಚಿತ್ರ ನೋಡಿ ಖುಷಿಯಾಯಿತು. ಆದರೆ ಕೆಳಗೆ ‘ಪೇಟ ಧರಿಸಿದ ಕಲಾವಿದನ ಸ್ವಂತ ಚಿತ್ರ’ ಅಂತ ಒಂದೇ ಏಟಿಗೆ ತೀರ್ಪು ಕೊಟ್ಟುಬಿಟ್ಟಿದ್ದೀರಿ. ತಲೆ ಮೇಲಿರುವುದು ಪೇಟ ಅಲ್ಲ. ಆ ಕಾಲದ ಯುರೋಪಿನ ಗಂಡಸರು ಹಾಕುತ್ತಿದ್ದ ಶಾಪರಾನ್ ಎಂಬ ಟೊಪ್ಪಿ. ಸಾಮಾನ್ಯವಾಗಿ ಇಳಿಬಿಡುವ ಅದರ ತುದಿಗಳನ್ನು ಇಲ್ಲಿ ಮೇಲಕ್ಕೆ ಕಟ್ಟಿದ್ದಾನೆ, ಬಣ್ಣಕ್ಕೆ ತಾಗದಿರಲಿ ಅಂತ ಇರಬಹುದು.

ಚಿತ್ರದಲ್ಲಿರುವುದು ವಾನ್ ಐಕನೇ ಇರಬಹುದು ಅನ್ನೋದಕ್ಕೆ ಕಾರಣ ಇಲ್ಲದೆ ಇಲ್ಲ. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ನಮ್ಮನ್ನೇ ನೋಡುತ್ತದೆ, ಕನ್ನಡಿ ನೋಡಿಕೊಂಡು ಬರೆಯುವವನ ನೋಟ ಹಾಗೇ ಇರುತ್ತದೆ ಅಲ್ವಾ? ಚೌಕಟ್ಟಿನ ಮೇಲೆ ‘ನನ್ನಿಂದಾದಷ್ಟು’ ಎಂಬ ಅರ್ಥದ ಅವನ ಧ್ಯೇಯವಾಕ್ಯ, ಕೆಳಗೆ ಅವನ ಹೆಸರು, 1433ರ ಅಕ್ಟೋಬರ್ 21 ಎಂಬ ದಿನಾಂಕ. ಆದರೆ ಅದೇ ವಾಕ್ಯ 1439ರಲ್ಲಿ ಬರೆದ ಹೆಂಡತಿಯ ಚಿತ್ರದಲ್ಲೂ ಇದೆ. ಬರೆದವರು ಯಾರು ಅನ್ನುವುದಕ್ಕೆ ಅದು ಸಾಕ್ಷಿ, ಕೂತವರು ಯಾರು ಅನ್ನುವುದಕ್ಕಲ್ಲ. ನಮ್ಮ ಬೇಲೂರಲ್ಲೂ ದಾಸೋಜ, ಚಾವಣ ಮದನಿಕೆಯರ ಕೆಳಗೆ ಹೆಸರು ಕೆತ್ತಿದ್ದಾರೆ, ಅಷ್ಟಕ್ಕೇ ಮದನಿಕೆಯೇ ದಾಸೋಜ ಆಗಿಬಿಡುತ್ತಾಳೆಯೇ!

ಚಿತ್ರ ಇಟ್ಟುಕೊಂಡಿರುವ ಲಂಡನ್ನಿನ ನ್ಯಾಷನಲ್ ಗ್ಯಾಲರಿಯೇ ಹೆಸರಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ನೀವು ಅದನ್ನು ಕೈಬಿಟ್ಟಿರಿ. ಸಾಲದು ಅಂತ ಆ ಬರಹವೆಲ್ಲ ಇರುವ ಮೂಲ ಚೌಕಟ್ಟನ್ನೂ ಕತ್ತರಿಸಿ, ಸುಮಾರು 26 ಸೆಂ.ಮೀ. ಎತ್ತರದ ಚಿತ್ರವನ್ನು ಸುಮ್ನೆ ಅರ್ಧ ಪುಟಕ್ಕೆ ಹಿಗ್ಗಿಸಿದ್ದೀರಿ. ಮುಂದಿನ ವಾರ ಚೌಕಟ್ಟಿನ ಸಮೇತ, ಅಳತೆ ನಮೂದಿಸಿ ಮತ್ತೊಮ್ಮೆ ಹಾಕಿ.

– ಒಬ್ಬ ಓದುಗ, ಹಾಸನ