ಸರ್ಕಾರಿ ವೃತ್ತಿ ತರಬೇತಿ ಎಲ್ಲ ಮಕ್ಕಳಿಗೂ ಸಿಗಲಿ: ದೇಣಿಗೆಗಾಗಿ ಮನವಿ

ಮಾನ್ಯ ನಾಗರಿಕ ಬಂಧುಗಳೇ,

ಕಸುಬು ಕಲಿಸುವ ಸರ್ಕಾರಿ ವ್ಯವಸ್ಥೆ ಹುಬ್ಬಳ್ಳಿ-ಧಾರವಾಡದಲ್ಲಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಸರ್ಕಾರಿ ಐಟಿಐಗಳಲ್ಲಿ ಕಡಿಮೆ ಶುಲ್ಕಕ್ಕೆ ಎರಡು ವರ್ಷದ ಫಿಟ್ಟರ್, ಎಲೆಕ್ಟ್ರಿಷಿಯನ್ ತರಬೇತಿ ದೊರೆಯುತ್ತದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಮತ್ತು 2017ರ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆಯಡಿ ಅಲ್ಪಾವಧಿ ತರಬೇತಿ ಉಚಿತವಾಗಿಯೇ ಇದೆ. ಆದರೂ ಹಳೇ ಹುಬ್ಬಳ್ಳಿಯ ಒಳಗಲ್ಲಿಗಳಿಂದ, ಸೆಟಲ್‌ಮೆಂಟ್ ಪ್ರದೇಶದಿಂದ, ಊರಂಚಿನ ಬಡಾವಣೆಗಳಿಂದ ಬರಬೇಕಾದ ಮಕ್ಕಳಲ್ಲಿ ಹಲವರು, ಕಲಿಯುವ ಆಸೆ ಮತ್ತು ಅರ್ಹತೆ ಎರಡೂ ಇದ್ದರೂ, ಅರ್ಜಿಯ ಹಂತದಲ್ಲೇ ಉಳಿದುಬಿಡುತ್ತಿದ್ದಾರೆ.

ಆನ್‌ಲೈನ್ ಅರ್ಜಿಗೆ ಆಧಾರ್, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಒಂದಕ್ಕೊಂದು ಹೊಂದಿಕೆಯಾಗಬೇಕು. ಅಂಕಪಟ್ಟಿಯಲ್ಲಿ ಅಡ್ಡಹೆಸರು ಪೂರ್ತಿಯಿದ್ದು ಆಧಾರಿನಲ್ಲಿ ಇನಿಷಿಯಲ್ ಮಾತ್ರ ಇದ್ದರೆ ತಿದ್ದುಪಡಿಗಾಗಿ ಅಲೆದಾಟ ಶುರುವಾಗುತ್ತದೆ. ಕಳೆದ ಪ್ರವೇಶದ ಸಮಯದಲ್ಲಿ ಒಬ್ಬ ಹುಡುಗಿ ಎಲ್ಲ ಕಾಗದಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿಕೊಂಡು ನಮ್ಮ ಟ್ರಸ್ಟಿನ ಕಚೇರಿಗೆ ಬಂದಿದ್ದಳು. ಕಾಗದಗಳೆಲ್ಲ ಸರಿಯಾಗಿದ್ದವು, ಆದರೆ ಓಟಿಪಿ ಹೋಗುತ್ತಿದ್ದದ್ದು ಗೋವಾದಲ್ಲಿ ಗಾರೆ ಕೆಲಸಕ್ಕಿದ್ದ ಅವಳ ತಂದೆಯ ಫೋನಿಗೆ. ಅವರು ಫೋನ್ ಎತ್ತುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತಿತ್ತು. ಸಂಜೆ ಅವರು ಕೆಲಸ ಬಿಟ್ಟ ಮೇಲೆ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು, ಅರ್ಜಿ ಸಲ್ಲಿಕೆಯಾಯಿತು. ಅಷ್ಟು ಹೊತ್ತು ಜೊತೆಗೆ ಕೂಡುವವರು ಇಲ್ಲದ ಮಕ್ಕಳ ಪಾಡೇನು? ಮೀಸಲಾತಿಯೂ ಅರ್ಜಿ ಸಲ್ಲಿಸಿದವರಿಗಷ್ಟೇ ಒದಗುತ್ತದೆ ಎಂಬುದನ್ನು ನಾವು ಮರೆಯಬಾರದು.

ಸೀಟು ಸಿಕ್ಕವರಿಗೆ ಪ್ರಯಾಣದ ಚಿಂತೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ, ಅದು ನಿಜಕ್ಕೂ ದೊಡ್ಡ ಆಸರೆ. ಆದರೆ ಗ್ಯಾರೇಜಿನ ಕೂಲಿ ಬಿಟ್ಟು ತರಗತಿಗೆ ಬರುವ ಹುಡುಗ ಸುಮಾರು 20 ಕಿಲೋಮೀಟರ್ ದೂರದ ಅವಳಿ ನಗರ ಧಾರವಾಡಕ್ಕೆ ನಿತ್ಯ ಹೋಗಿಬರುವ ಖರ್ಚನ್ನು ತಾನೇ ಹೊರಬೇಕು. ಅಂಗವಿಕಲರನ್ನು ಎಲ್ಲ ಕೌಶಲ್ಯ ತರಬೇತಿಗಳಲ್ಲೂ ಸೇರಿಸಿಕೊಳ್ಳಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೇಳುತ್ತದೆ. ಗಾಲಿಕುರ್ಚಿಯಲ್ಲಿರುವ ಅಭ್ಯರ್ಥಿಗೆ ಬಸ್ಸು ಆಗದು, ಆಟೋ ಬೇಕು.

ಆದ್ದರಿಂದ ಮುಂದಿನ ಪ್ರವೇಶ ಪ್ರಕ್ರಿಯೆ ಆರಂಭವಾಗುವುದರೊಳಗೆ, ರಾತ್ರಿ ಎಂಟರವರೆಗೆ ತೆರೆದಿರುವ ಉಚಿತ ಅರ್ಜಿ ನೆರವು ಕೇಂದ್ರವೊಂದನ್ನು ಹಳೇ ಹುಬ್ಬಳ್ಳಿಯಲ್ಲಿ ಆರಂಭಿಸಲು ಟ್ರಸ್ಟ್ ನಿರ್ಧರಿಸಿದೆ. ಕಂಪ್ಯೂಟರ್, ಪ್ರಿಂಟರ್, ಸಿಬ್ಬಂದಿಯ ಗೌರವಧನ, ಬಡ ಅಭ್ಯರ್ಥಿಗಳ ಬಸ್ ಪಾಸು ಮತ್ತು ಆಟೋ ಬಾಡಿಗೆ, ವರ್ಕ್‌ಶಾಪಿಗೆ ಬೇಕಾದ ಸುರಕ್ಷತಾ ಬೂಟುಗಳಿಗೆ ನಿಮ್ಮ ದೇಣಿಗೆ ವಿನಿಯೋಗವಾಗುವುದು. ಒಬ್ಬ ಅಭ್ಯರ್ಥಿಯ ಒಂದು ತಿಂಗಳ ಪಾಸಿನಷ್ಟು ಮೊತ್ತವನ್ನೂ ನಾವು ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ.

2,000 ರೂಪಾಯಿ ಮೀರಿದ ದೇಣಿಗೆಯನ್ನು ದಯವಿಟ್ಟು ಚೆಕ್ ಅಥವಾ ಬ್ಯಾಂಕ್ ಮೂಲಕವೇ ನೀಡಿರಿ. ಪ್ರತಿ ದೇಣಿಗೆಗೂ ರಸೀದಿ ಕೊಡಲಾಗುವುದು ಮತ್ತು ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳು ಕಚೇರಿಯ ಫಲಕದಲ್ಲಿ ಹಾಕಲಾಗುವುದು. ಹಣ ಕೊಡಲಾಗದವರು, ವಿಶೇಷವಾಗಿ ನಿವೃತ್ತ ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳು, ವಾರಕ್ಕೊಂದು ಸಂಜೆ ಕೇಂದ್ರಕ್ಕೆ ಬಂದು ಅರ್ಜಿ ತುಂಬಿಸಿಕೊಟ್ಟರೆ ಅದೂ ದೇಣಿಗೆಯೇ.

ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಅಧ್ಯಕ್ಷರು ಮತ್ತು ಸದಸ್ಯರು, ಹುಬ್ಬಳ್ಳಿ